ನಕ್ಷತ್ರದ ವಿಳಾಸ ಏಕೆ ಬದಲಾಗುತ್ತದೆ: ಅಯನ ಚಲನೆ ಮತ್ತು ಅಕ್ಷದ ತೂಗಾಟದ ಲೆಕ್ಕ

ಮಕರ ಸಂಕ್ರಾಂತಿಯ ಸಂಜೆ ಗವಿಪುರದ ಗಂಗಾಧರೇಶ್ವರ ದೇವಸ್ಥಾನದಲ್ಲಿ ನಂದಿಯ ಕೊಂಬುಗಳ ನಡುವಿನಿಂದ ಹಾದುಬಂದ ಬಿಸಿಲು ಗುಹೆಯೊಳಗಿನ ಲಿಂಗವನ್ನು ಕೆಲಹೊತ್ತು ಮುಟ್ಟುತ್ತದೆ. ಅದನ್ನು ಕಣ್ತುಂಬಿಕೊಳ್ಳಲು ಬೆಂಗಳೂರಿನ ಜನ ಪ್ರತಿವರ್ಷ ಸಾಲುಗಟ್ಟಿ ನಿಲ್ಲುತ್ತಾರೆ. ಅದೇ ಹೊತ್ತಿಗೆ ಮನೆಮನೆಗಳಲ್ಲಿ ಒಂದು ಪ್ರಶ್ನೆಯೂ ಏಳುತ್ತದೆ. ಸಂಕ್ರಾಂತಿಯಿಂದ ಉತ್ತರಾಯಣ ಎಂದು ಹಿರಿಯರು ಹೇಳುತ್ತಾರೆ. ಸೂರ್ಯ ಉತ್ತರದ ಕಡೆಗೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು ಎಂದು ಮಕ್ಕಳ ಪಠ್ಯಪುಸ್ತಕ ಹೇಳುತ್ತದೆ. ನಡುವಿನ ಈ ಇಪ್ಪತ್ತನಾಲ್ಕು ದಿನಗಳು ಎಲ್ಲಿಂದ ಬಂದವು?

ಇನ್ನೊಂದು ಪ್ರಶ್ನೆ ಈಚೆಗೆ ಹುಟ್ಟಿಕೊಂಡದ್ದು. ಕಂಪ್ಯೂಟರ್ ಅಳವಡಿಸಿದ ಸಣ್ಣ ದೂರದರ್ಶಕಗಳು ಈಗ ನಗರದ ಎಷ್ಟೋ ಮನೆಗಳ ತಾರಸಿಗೆ ಬಂದಿವೆ. ನಾನು ಮೊದಲ ಬಾರಿಗೆ ನಕ್ಷತ್ರಪಟ್ಟಿಯಿಂದ ಚಿತ್ರಾ ನಕ್ಷತ್ರದ ಸ್ಥಾನವನ್ನು ಬರೆದುಕೊಂಡು, ಆ ಅಂಕಿಗಳನ್ನು ಹಾಗೆಯೇ ಲೆಕ್ಕಹಾಕಿ ದೂರದರ್ಶಕವನ್ನು ತಿರುಗಿಸಿದಾಗ, ಕಣ್ಣಿಟ್ಟು ನೋಡುವ ಮಸೂರವಾದ ಐಪೀಸಿನಲ್ಲಿ ಕತ್ತಲೆಯ ಹೊರತು ಏನೂ ಕಾಣಲಿಲ್ಲ. ನಕ್ಷತ್ರವಿದ್ದದ್ದು ಹುಣ್ಣಿಮೆ ಚಂದ್ರನ ಅಗಲದ ಮೂರನೇ ಎರಡು ಭಾಗಕ್ಕಿಂತ ತುಸು ಹೆಚ್ಚು ಪಕ್ಕಕ್ಕೆ. ಪಟ್ಟಿಯಲ್ಲಿ ತಪ್ಪಿರಲಿಲ್ಲ, ಯಂತ್ರದಲ್ಲೂ ತಪ್ಪಿರಲಿಲ್ಲ. ಪಟ್ಟಿಯ ತಲೆಬರಹದಲ್ಲಿ ಸಣ್ಣ ಅಕ್ಷರದಲ್ಲಿದ್ದ ‘ಜೆ2000’ ಎಂಬ ಗುರುತನ್ನು ನಾನು ಗಮನಿಸಿರಲಿಲ್ಲ. ಸಂಕ್ರಾಂತಿಯ ಪ್ರಶ್ನೆಗೂ ಈ ತಪ್ಪಿದ ಗುರಿಗೂ ಕಾರಣ ಒಂದೇ: ಭೂಮಿಯ ಅಕ್ಷ ಆಕಾಶದಲ್ಲಿ ಒಂದೇ ದಿಕ್ಕಿಗೆ ನಿಂತಿಲ್ಲ.

ಹಳೇ ನಂಬರ್, ಹೊಸ ನಂಬರ್

ಭೂಮಿಯ ಮೇಲಿನ ಊರನ್ನು ಗುರುತಿಸಲು ಅಕ್ಷಾಂಶ, ರೇಖಾಂಶಗಳೆಂಬ ಎರಡು ಸಂಖ್ಯೆ ಸಾಕು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರದಲ್ಲಿ, 77.6 ಡಿಗ್ರಿ ಪೂರ್ವದಲ್ಲಿದೆ. ಆಕಾಶಕ್ಕೂ ಇಂಥದೇ ವ್ಯವಸ್ಥೆಯಿದೆ. ಭೂಮಧ್ಯರೇಖೆಯನ್ನು ಆಕಾಶದವರೆಗೆ ಹಿಗ್ಗಿಸಿದೆವೆಂದು ಭಾವಿಸಿದರೆ ಸಿಗುವ ವೃತ್ತಕ್ಕೆ ವಿಷುವದ್ವೃತ್ತ ಎಂದು ಹೆಸರು. ಅದರಿಂದ ನಕ್ಷತ್ರ ಎಷ್ಟು ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಇದೆ ಎಂಬುದನ್ನು ಕ್ರಾಂತಿ ಎನ್ನುತ್ತಾರೆ. ಸಂಕ್ರಾಂತಿ ಎಂಬ ಮಾತಿನಲ್ಲಿರುವುದೂ ‘ಹೆಜ್ಜೆಯಿಡು’ ಎಂಬ ಅರ್ಥದ ಇದೇ ಧಾತು. ಸೂರ್ಯ ವರ್ಷವಿಡೀ ನಕ್ಷತ್ರಗಳ ನಡುವೆ ಸಾಗುವಂತೆ ಕಾಣುವ ದಾರಿ ಕ್ರಾಂತಿವೃತ್ತ. ಇವೆರಡು ವೃತ್ತಗಳು ಒಂದಕ್ಕೊಂದು ಸುಮಾರು 23.4 ಡಿಗ್ರಿ ಓರೆಯಾಗಿದ್ದು, ಎರಡು ಕಡೆ ಕತ್ತರಿಸುತ್ತವೆ. ಮಾರ್ಚ್ 20ರ ಸುಮಾರಿಗೆ ಸೂರ್ಯ ದಕ್ಷಿಣದಿಂದ ಉತ್ತರಕ್ಕೆ ದಾಟುವ ಬಿಂದುವೇ ವಸಂತ ವಿಷುವ. ಅಲ್ಲಿಂದ ಪೂರ್ವಕ್ಕೆ ವಿಷುವದ್ವೃತ್ತದ ಗುಂಟ ಅಳೆದ ಕೋನ ವಿಷುವದಂಶ. ಇದನ್ನು ಗಂಟೆಗಳಲ್ಲಿ ಹೇಳುವ ರೂಢಿಯಿದೆ. ಒಂದು ಗಂಟೆಗೆ 15 ಡಿಗ್ರಿ.

ಮುಂದೆ ಚಿಕ್ಕ ಕೋನಗಳು ಪದೇ ಪದೇ ಬರುವುದರಿಂದ ಅಳತೆಯ ಮಾತನ್ನೂ ಹೇಳಿಬಿಡುತ್ತೇನೆ. ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ ಕಲೆ, ಒಂದು ಕಲೆಯ ಅರವತ್ತನೇ ಒಂದು ಭಾಗ ವಿಕಲೆ. ಹುಣ್ಣಿಮೆ ಚಂದ್ರನ ಅಗಲ ಸುಮಾರು 30 ಕಲೆ.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆಯ ಗೇಟಿನ ಮೇಲೆ ‘ಹಳೇ ನಂ.’, ‘ಹೊಸ ನಂ.’ ಎಂದು ಎರಡು ಅಂಕಿಗಳನ್ನು ಬರೆದಿರುವುದನ್ನು ಎಲ್ಲರೂ ನೋಡಿದ್ದೇವೆ. ಮನೆ ಕದಲಿಲ್ಲ, ಎಣಿಕೆ ಶುರುವಾಗುವ ಜಾಗ ಬದಲಾಗಿದೆ, ಅಷ್ಟೆ. ನಕ್ಷತ್ರಗಳ ಸ್ಥಿತಿಯೂ ಬಹುಮಟ್ಟಿಗೆ ಹೀಗೆಯೇ. ಎಣಿಕೆಯ ಮೊದಲ ಮನೆಯಾದ ವಸಂತ ವಿಷುವ ಬಿಂದು ಕ್ರಾಂತಿವೃತ್ತದ ಮೇಲೆ ವರ್ಷಕ್ಕೆ ಸುಮಾರು 50.29 ವಿಕಲೆಯಷ್ಟು ಪಶ್ಚಿಮಕ್ಕೆ ಜಾರುತ್ತದೆ. ಆದ್ದರಿಂದ ಎಲ್ಲ ನಕ್ಷತ್ರಗಳ ನಂಬರೂ ವರ್ಷ ವರ್ಷ ಬದಲಾಗುತ್ತದೆ. ‘ಜೆ2000’ ಎಂದರೆ 2000ದ ಜನವರಿ 1ರ ಮಧ್ಯಾಹ್ನದ ಎಣಿಕೆಯ ಪ್ರಕಾರದ ನಂಬರು. ದೂರದರ್ಶಕಕ್ಕೆ ಬೇಕಾದದ್ದು ಈ ರಾತ್ರಿಯ ನಂಬರು.

ಬುಗುರಿ ಮತ್ತು ಭೂಮಿ

ಚಾಟಿ ಸುತ್ತಿ ಬಿಟ್ಟ ಬುಗುರಿಯನ್ನು ನೆನಪಿಸಿಕೊಳ್ಳಿ. ರಭಸವಾಗಿ ತಿರುಗುತ್ತಿರುವಾಗ ಅದು ಸ್ವಲ್ಪ ವಾಲಿದರೂ ಬೀಳುವುದಿಲ್ಲ. ಬೀಳುವ ಬದಲು ಅದರ ತಲೆ ನಿಧಾನವಾಗಿ ಒಂದು ಸುತ್ತು ಹಾಕುತ್ತದೆ. ಗುರುತ್ವ ಅದನ್ನು ಕೆಳಕ್ಕೆ ಕೆಡವಲು ನೋಡುತ್ತದೆ. ತಿರುಗುವ ವಸ್ತುವಿನ ಸ್ವಭಾವವೆಂದರೆ, ವಾಲಿಸುವ ಬಲ ಬಿದ್ದಾಗ ಆ ಬಲದ ಕಡೆಗೆ ವಾಲದೆ ಅದಕ್ಕೆ ಅಡ್ಡಲಾದ ದಿಕ್ಕಿಗೆ ಅಕ್ಷವನ್ನು ಸರಿಸುವುದು.

ಭೂಮಿಯನ್ನು ವಾಲಿಸುವ ಬಲ ಯಾವುದು? ಭೂಮಿ ಪೂರ್ಣ ಗೋಳವಾಗಿದ್ದರೆ ಅಂಥ ಬಲವೇ ಇರುತ್ತಿರಲಿಲ್ಲ. ಆದರೆ ತನ್ನ ಸುತ್ತ ತಾನೇ ತಿರುಗುವುದರಿಂದ ಅದರ ನಡು ಉಬ್ಬಿದೆ. ಮಧ್ಯರೇಖೆಯಲ್ಲಿ ತ್ರಿಜ್ಯ ಸುಮಾರು 6,378 ಕಿಲೋಮೀಟರ್, ಧ್ರುವದಲ್ಲಿ ಸುಮಾರು 6,357. ಈ 21 ಕಿಲೋಮೀಟರಿನ ಉಬ್ಬು ಸೂರ್ಯ-ಚಂದ್ರರ ಹಿಡಿತಕ್ಕೆ ಸಿಗುವ ಹಿಡಿಕೆಯಂತೆ ಕೆಲಸ ಮಾಡುತ್ತದೆ. ಅವು ಓರೆಯಾದ ಉಬ್ಬನ್ನು ತಮ್ಮ ಸಮತಲಕ್ಕೆ ಎಳೆದು ಭೂಮಿಯನ್ನು ನೆಟ್ಟಗೆ ನಿಲ್ಲಿಸಲು ಯತ್ನಿಸುತ್ತವೆ. ಚಂದ್ರ ಹತ್ತಿರವಿರುವ ಕಾರಣ ಅದರ ಪಾಲು ಸೂರ್ಯನ ಪಾಲಿನ ಸುಮಾರು ಎರಡರಷ್ಟು. ಇಲ್ಲೊಂದು ಸೂಕ್ಷ್ಮವಿದೆ. ಬುಗುರಿಯನ್ನು ಗುರುತ್ವ ಬೀಳಿಸಲು ನೋಡಿದರೆ, ಭೂಮಿಯನ್ನು ಸೂರ್ಯ-ಚಂದ್ರರು ಎಬ್ಬಿಸಿ ನಿಲ್ಲಿಸಲು ನೋಡುತ್ತಾರೆ. ಆದ್ದರಿಂದ ಬುಗುರಿಯ ತಲೆ ತಾನು ತಿರುಗುವ ದಿಕ್ಕಿನಲ್ಲೇ ಸುತ್ತು ಹಾಕುತ್ತದೆ. ಭೂಮಿಯ ಅಕ್ಷ ತನ್ನ ತಿರುಗುವಿಕೆಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತದೆ. ಒಂದು ಪೂರ್ಣ ಸುತ್ತಿಗೆ ಈಗಿನ ವೇಗದಲ್ಲಿ ಸುಮಾರು 25,800 ವರ್ಷ ಬೇಕು. ಇದೇ ಅಯನ ಚಲನೆ. ಇದರ ಕಾರಣವನ್ನು ಮೊದಲು ವಿವರಿಸಿದವನು ನ್ಯೂಟನ್, 1687ರಲ್ಲಿ.

ಮದುವೆಯಲ್ಲಿ ವಧೂವರರಿಗೆ ತೋರಿಸುವ ಧ್ರುವ ನಕ್ಷತ್ರವೂ ಈ ಸುತ್ತಿನ ದಾರಿಯಲ್ಲಿ ಸದ್ಯಕ್ಕೆ ಸಿಕ್ಕ ನಕ್ಷತ್ರವಷ್ಟೆ. ಅದು 2000ದಲ್ಲಿ ನಿಜವಾದ ಧ್ರುವಬಿಂದುವಿನಿಂದ 44 ಕಲೆ ದೂರವಿತ್ತು; ಈಗ ಸುಮಾರು 38 ಕಲೆ; 2100ರ ಸುಮಾರಿಗೆ 27 ಕಲೆಯಷ್ಟು ಸಮೀಪಕ್ಕೆ ಬಂದು ಮತ್ತೆ ದೂರ ಸರಿಯತೊಡಗುತ್ತದೆ. ಇನ್ನು ಸುಮಾರು 12,000 ವರ್ಷಗಳಾದ ಮೇಲೆ ಉತ್ತರ ಧ್ರುವದ ಹತ್ತಿರ ಹೊಳೆಯುವುದು ಅಭಿಜಿತ್.

ಸಂಕ್ರಾಂತಿ, ಚಿತ್ರಾ ಮತ್ತು ಗವಿಪುರದ ಬಿಸಿಲು

ಈ ಜಾರುವಿಕೆಯನ್ನು ಮೊದಲು ಗುರುತಿಸಿದ ಕೀರ್ತಿ ಕ್ರಿಸ್ತಪೂರ್ವ ಎರಡನೆಯ ಶತಮಾನದ ಗ್ರೀಕ್ ಖಗೋಳಜ್ಞ ಹಿಪಾರ್ಕಸನದು. ಅವನಿಗೆ ಸಾಕ್ಷಿಯಾಗಿ ನಿಂತದ್ದು ನಮ್ಮ ಚಿತ್ರಾ ನಕ್ಷತ್ರವೇ. ಅವನಿಗಿಂತ ಸುಮಾರು 150 ವರ್ಷ ಹಿಂದೆ ಟಿಮೋಕಾರಿಸ್ ಎಂಬಾತ ಚಿತ್ರಾ ಶರದ್ ವಿಷುವಕ್ಕಿಂತ (ವಸಂತ ವಿಷುವಕ್ಕೆ ನೇರ ಎದುರಿನ, 180 ಡಿಗ್ರಿಯ ಬಿಂದು) 8 ಡಿಗ್ರಿ ಪಶ್ಚಿಮದಲ್ಲಿದೆ ಎಂದು ಅಳೆದಿದ್ದ. ಹಿಪಾರ್ಕಸ್ ಅಳೆದಾಗ ಅದು 6 ಡಿಗ್ರಿಯಾಗಿತ್ತು. ಎಂದರೆ ವಸಂತ ವಿಷುವದಿಂದ ಕ್ರಾಂತಿವೃತ್ತದ ಗುಂಟ ಎಣಿಸಿದರೆ ಆಗ ಚಿತ್ರಾ 174 ಡಿಗ್ರಿಯಲ್ಲಿತ್ತು. ಇಂದು ಅದು 204 ಡಿಗ್ರಿಯಲ್ಲಿದೆ. ಎರಡು ಸಾವಿರದ ಚಿಲ್ಲರೆ ವರ್ಷಗಳಲ್ಲಿ ಸರಿಯಾಗಿ ಒಂದು ರಾಶಿಯಷ್ಟು ವ್ಯತ್ಯಾಸ.

ನಮ್ಮವರಿಗೂ ಇದು ತಿಳಿಯದ ಸಂಗತಿಯಲ್ಲ. ಹಿಂದೊಂದು ಕಾಲದಲ್ಲಿ ಆಶ್ಲೇಷಾ ನಕ್ಷತ್ರದ ನಡುವೆ ಆಗುತ್ತಿದ್ದ ದಕ್ಷಿಣಾಯನ ತನ್ನ ಕಾಲಕ್ಕೆ ಕರ್ಕಾಟಕದ ಆರಂಭದಲ್ಲಿ ಆಗುತ್ತಿದೆ ಎಂದು ಆರನೆಯ ಶತಮಾನದ ವರಾಹಮಿಹಿರ ಸ್ಪಷ್ಟವಾಗಿ ಬರೆದಿಟ್ಟಿದ್ದಾನೆ. ಪಂಚಾಂಗದವರು ಹೇಳುವ ಅಯನಾಂಶವೂ ಇದೇ ಜಾರುವಿಕೆಯ ಒಟ್ಟು ಮೊತ್ತ. ವಿಷುವ ಬಿಂದುವಿನಿಂದ ಎಣಿಸುವುದು ಸಾಯನ ಪದ್ಧತಿ, ನಕ್ಷತ್ರಗಳಿಗೆ ಕಟ್ಟಿಹಾಕಿದ ಬಿಂದುವಿನಿಂದ ಎಣಿಸುವುದು ನಿರಯನ ಪದ್ಧತಿ. ಎರಡರ ನಡುವಿನ ಅಂತರವೇ ಅಯನಾಂಶ. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1956ರ ಮಾರ್ಚ್ 21ಕ್ಕೆ ಇದನ್ನು 23 ಡಿಗ್ರಿ 15 ಕಲೆ ಎಂದು ನಿಗದಿಪಡಿಸಿತು. ಚಿತ್ರಾ ನಕ್ಷತ್ರವನ್ನು ಸರಿಸುಮಾರು 180 ಡಿಗ್ರಿಯಲ್ಲಿ ನಿಲ್ಲಿಸುವ ಈ ಕ್ರಮಕ್ಕೆ ಚಿತ್ರಾಪಕ್ಷ ಎಂಬ ಹೆಸರಿದೆ. ಅಂದಿನಿಂದ 2026ರವರೆಗೆ 70 ವರ್ಷ, ವರ್ಷಕ್ಕೆ 50.29 ವಿಕಲೆಯಂತೆ ಸುಮಾರು 59 ಕಲೆ ಸೇರಿಸಿದರೆ ಇಂದಿನ ಅಯನಾಂಶ 24 ಡಿಗ್ರಿ 14 ಕಲೆಯ ಆಸುಪಾಸಿಗೆ ಬರುತ್ತದೆ. ಸೂರ್ಯ ದಿನಕ್ಕೆ ಸುಮಾರು ಒಂದು ಡಿಗ್ರಿ ನಡೆಯುವುದರಿಂದ ಡಿಸೆಂಬರ್ 21ಕ್ಕೂ ಜನವರಿ 14ಕ್ಕೂ ನಡುವಿನ ಇಪ್ಪತ್ತನಾಲ್ಕು ದಿನಗಳು ಇವೇ. ಪಠ್ಯಪುಸ್ತಕ ಹೇಳುವುದು ಸೂರ್ಯ ದಿಕ್ಕು ಬದಲಿಸುವ ದಿನವನ್ನು. ಪಂಚಾಂಗ ಹೇಳುವುದು ಸೂರ್ಯ ನಿರಯನ ಮಕರವನ್ನು ಹೊಗುವ ದಿನವನ್ನು. ಚಿತ್ರಾಪಕ್ಷದ ಲೆಕ್ಕದಲ್ಲಿ ಇವೆರಡೂ ಒಂದೇ ದಿನ ಕೂಡಿದ್ದದ್ದು ಕ್ರಿ.ಶ. 285ರ ಸುಮಾರಿಗೆ.

ಈಗ ಗವಿಪುರಕ್ಕೆ ಹಿಂದಿರುಗೋಣ. ಗುಹೆಯೊಳಕ್ಕೆ ಬಿಸಿಲು ಯಾವ ಕೋನದಲ್ಲಿ ಬೀಳುತ್ತದೆ ಎಂಬುದನ್ನು ತೀರ್ಮಾನಿಸುವುದು ಸೂರ್ಯನ ಕ್ರಾಂತಿಯೇ ಹೊರತು ರಾಶಿಯಲ್ಲ. ಜನವರಿ 14ರ ಸಂಜೆ ಸೂರ್ಯನ ಕ್ರಾಂತಿ ದಕ್ಷಿಣಕ್ಕೆ ಸುಮಾರು 21.3 ಡಿಗ್ರಿ. ಡಿಸೆಂಬರ್ 21ರ ಈಚೆಗೆ ಇಪ್ಪತ್ತನಾಲ್ಕು ದಿನಕ್ಕೆ ಎಷ್ಟು ಕ್ರಾಂತಿಯೋ ಆಚೆಗೆ ಇಪ್ಪತ್ತನಾಲ್ಕು ದಿನಕ್ಕೂ ಅಷ್ಟೇ ಇರುವುದರಿಂದ, ನವೆಂಬರ್ 27-28ರ ಸಂಜೆಯೂ ಬಿಸಿಲು ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಬರುತ್ತದೆ. ಹಬ್ಬದ ದಿನಾಂಕವಾದರೋ ನಕ್ಷತ್ರಗಳಿಗೆ ಕಟ್ಟಿಕೊಂಡಿದೆ. ನಕ್ಷತ್ರಗಳನ್ನು ಆಧರಿಸಿದ ವರ್ಷ 365.2564 ದಿನ, ಋತುಗಳನ್ನು ಆಧರಿಸಿದ ವರ್ಷ 365.2422 ದಿನ, ವರ್ಷಕ್ಕೆ ಇಪ್ಪತ್ತು ನಿಮಿಷಗಳ ಈ ವ್ಯತ್ಯಾಸ ಸುಮಾರು 72 ವರ್ಷಗಳಲ್ಲಿ ಸಂಕ್ರಾಂತಿಯನ್ನು ನಮ್ಮ ಕ್ಯಾಲೆಂಡರಿನಲ್ಲಿ ಒಂದು ದಿನ ಮುಂದಕ್ಕೆ ತಳ್ಳುತ್ತದೆ. ಇನ್ನು ಸಾವಿರ ವರ್ಷಕ್ಕೆ ಹಬ್ಬ ಜನವರಿ 28ರ ಸುಮಾರಿಗೆ ಬರುತ್ತದೆ. ಆ ಸಂಜೆ ಸೂರ್ಯನ ಕ್ರಾಂತಿ ದಕ್ಷಿಣಕ್ಕೆ 18 ಡಿಗ್ರಿ ಚಿಲ್ಲರೆ. ಕಿರಣ ಇಂದಿಗಿಂತ ಸುಮಾರು 3 ಡಿಗ್ರಿ, ಎಂದರೆ ಸೂರ್ಯಬಿಂಬದ ಅಗಲದ ಆರು ಪಟ್ಟು, ಉತ್ತರಕ್ಕೆ ಸರಿದಿರುತ್ತದೆ.

ತೇರಿನ ಕಳಶದ ತೂಗಾಟ

ಇಷ್ಟು ಹೇಳಿದ್ದು ಅಕ್ಷದ ನಯವಾದ, ನಿಧಾನವಾದ ಸುತ್ತನ್ನು ಕುರಿತು. ವಾಸ್ತವದಲ್ಲಿ ಆ ಸುತ್ತು ನಯವಾಗಿಲ್ಲ. ರಥಬೀದಿಯಲ್ಲಿ ಎಳೆಯುವ ತೇರನ್ನು ನೆನೆಯಿರಿ. ತೇರು ಗುಡಿಯನ್ನು ಸುತ್ತುತ್ತ ಮುಂದೆ ಸಾಗುತ್ತದೆ, ಅದೇ ಹೊತ್ತಿಗೆ ಮೇಲಿನ ಕಳಶ ಅತ್ತಿತ್ತ ತೂಗುತ್ತಲೂ ಇರುತ್ತದೆ. ಗುಡಿಯ ಸುತ್ತಿನ ಪಯಣ ಅಯನ ಚಲನೆಯಾದರೆ, ಕಳಶದ ತೂಗಾಟ ನ್ಯುಟೇಷನ್. ಕನ್ನಡದಲ್ಲಿ ಇದನ್ನು ಅಕ್ಷದ ತೂಗಾಟ ಎನ್ನಬಹುದು.

ತೂಗಾಟಕ್ಕೆ ಮುಖ್ಯ ಕಾರಣ ಚಂದ್ರ. ಅದರ ಕಕ್ಷೆ ಕ್ರಾಂತಿವೃತ್ತಕ್ಕೆ ಸುಮಾರು 5 ಡಿಗ್ರಿ ಓರೆಯಾಗಿದೆ. ಕಕ್ಷೆ ಕ್ರಾಂತಿವೃತ್ತವನ್ನು ದಾಟುವ ಎರಡು ಬಿಂದುಗಳು ನಮಗೆ ಚೆನ್ನಾಗಿ ಪರಿಚಿತ: ರಾಹು ಮತ್ತು ಕೇತು. ರಾಹು ಹಿಮ್ಮುಖವಾಗಿ ಸಾಗಿ 18.6 ವರ್ಷಗಳಲ್ಲಿ ಒಂದು ಸುತ್ತು ಮುಗಿಸುತ್ತದೆ. ಅದು ಎಲ್ಲಿದೆ ಎಂಬುದರ ಮೇಲೆ ಚಂದ್ರನ ಕಕ್ಷೆ ನಮ್ಮ ವಿಷುವದ್ವೃತ್ತಕ್ಕೆ ಒಮ್ಮೆ 18.3 ಡಿಗ್ರಿ, ಇನ್ನೊಮ್ಮೆ 28.6 ಡಿಗ್ರಿ ಓರೆಯಾಗುತ್ತದೆ. ಓರೆ ಬದಲಾದಂತೆ ಭೂಮಿಯ ಉಬ್ಬಿನ ಮೇಲಿನ ಎಳೆತವೂ ಬದಲಾಗುತ್ತದೆ. ಫಲವಾಗಿ ವಿಷುವ ಬಿಂದು ತನ್ನ ಸರಾಸರಿ ಸ್ಥಾನದಿಂದ 17.2 ವಿಕಲೆಯವರೆಗೆ ಹಿಂದೆ ಮುಂದೆ ಆಗುತ್ತದೆ, ಅಕ್ಷದ ಓರೆ 9.2 ವಿಕಲೆಯವರೆಗೆ ಹೆಚ್ಚು ಕಡಿಮೆಯಾಗುತ್ತದೆ. ಜಾತಕದಲ್ಲಿ ಹದಿನೆಂಟು ವರ್ಷ ಚಿಲ್ಲರೆಗೊಮ್ಮೆ ಅದೇ ಜಾಗಕ್ಕೆ ಮರಳುವ ರಾಹುವಿನ ಸ್ಥಾನವೇ ಆಧುನಿಕ ನ್ಯುಟೇಷನ್ ಸೂತ್ರದ ಮೊದಲ ಪದದಲ್ಲಿ, ಎಂದರೆ ಕೂಡಬೇಕಾದ ಮೊದಲ ತುಣುಕಿನಲ್ಲಿ, ಕುಳಿತಿದೆ ಎಂಬುದು ನನಗೆ ಈ ವಿಷಯದಲ್ಲೇ ಅತ್ಯಂತ ಆಪ್ತವಾದ ಸಂಗತಿ.

ಇದನ್ನು ಕಂಡುಹಿಡಿದವನು ಇಂಗ್ಲೆಂಡಿನ ಜೇಮ್ಸ್ ಬ್ರಾಡ್ಲಿ. ನೆತ್ತಿಯ ಹತ್ತಿರ ಹಾದುಹೋಗುವ ಕೆಲವು ನಕ್ಷತ್ರಗಳನ್ನು 1727ರಿಂದ 1747ರವರೆಗೆ, ರಾಹುವಿನ ಒಂದು ಪೂರ್ಣ ಸುತ್ತು ಮುಗಿಯುವ ತನಕ, ಸಾವಧಾನದಿಂದ ಅಳೆದು 1748ರಲ್ಲಿ ಅವನು ಫಲಿತಾಂಶವನ್ನು ಪ್ರಕಟಿಸಿದ. ಒಂದೆರಡು ವರ್ಷದ ಅಳತೆ ಹಿಡಿದು ತೀರ್ಮಾನಕ್ಕೆ ಹಾರದೆ ಇಪ್ಪತ್ತು ವರ್ಷ ಕಾದದ್ದರಿಂದಲೇ ತೂಗಾಟದ ಅವಧಿ ಚಂದ್ರನದೇ ಎಂದು ಖಚಿತವಾಯಿತು.

ಚಿತ್ರಾದ ಹೊಸ ನಂಬರನ್ನು ಲೆಕ್ಕ ಹಾಕೋಣ

ಲೆಕ್ಕದ ಮೊದಲ ಹೆಜ್ಜೆ ಕಾಲವನ್ನು ಒಂದೇ ಸಂಖ್ಯೆಯಾಗಿ ಬರೆಯುವುದು. ತಿಂಗಳು, ವರ್ಷಗಳ ಗೊಡವೆ ಬಿಟ್ಟು ದಿನಗಳನ್ನಷ್ಟೇ ಎಣಿಸುತ್ತ ಹೋಗುವ ಕ್ರಮವಿದು. ನಮ್ಮ ಸಿದ್ಧಾಂತಗಳ ಅಹರ್ಗಣದ ಆಲೋಚನೆಯೇ ಇಲ್ಲಿಯೂ ಇದೆ. ಖಗೋಳಜ್ಞರು ಬಳಸುವ ಜೂಲಿಯನ್ ದಿನಸಂಖ್ಯೆಯಲ್ಲಿ ಜೆ2000 ಎಂಬುದು 2451545.0. 2026ರ ಜನವರಿ 1ರ ಮೊದಲ ಕ್ಷಣ 2461041.5. ಕಳೆದರೆ 9496.5 ದಿನ, ಅದನ್ನು ಶತಮಾನದ 36525 ದಿನಗಳಿಂದ ಭಾಗಿಸಿದರೆ 0.26 ಶತಮಾನ.

ಎರಡನೆಯ ಹೆಜ್ಜೆ, 50.29 ವಿಕಲೆಯ ವಾರ್ಷಿಕ ಜಾರುವಿಕೆಯನ್ನು ಎರಡಾಗಿ ಒಡೆಯುವುದು. ಕ್ರಾಂತಿವೃತ್ತ ಓರೆಯಾಗಿರುವುದರಿಂದ ಆ ಜಾರುವಿಕೆಯಲ್ಲಿ 46.12 ವಿಕಲೆಯಷ್ಟು ವಿಷುವದ್ವೃತ್ತದ ಗುಂಟ ಬೀಳುತ್ತದೆ, 20.04 ವಿಕಲೆಯಷ್ಟು ಅದಕ್ಕೆ ಅಡ್ಡಲಾಗಿ ಬೀಳುತ್ತದೆ. ಕ್ರಾಂತಿಯ ವಾರ್ಷಿಕ ಬದಲಾವಣೆ ತಿಳಿಯಬೇಕಾದರೆ 20.04ನ್ನು ವಿಷುವದಂಶದ ಕೊಸೈನಿನಿಂದ ಗುಣಿಸಬೇಕು. ವಿಷುವದಂಶದ ಬದಲಾವಣೆ ತಿಳಿಯಬೇಕಾದರೆ 20.04ನ್ನು ವಿಷುವದಂಶದ ಸೈನ್ ಮತ್ತು ಕ್ರಾಂತಿಯ ಟ್ಯಾಂಜೆಂಟ್ ಎರಡರಿಂದಲೂ ಗುಣಿಸಿ, 46.12ಕ್ಕೆ ಕೂಡಿಸಬೇಕು.

ಪಟ್ಟಿಯಲ್ಲಿ ಚಿತ್ರಾದ ವಿಷುವದಂಶ 13 ಗಂಟೆ 25 ನಿಮಿಷ 11.6 ಸೆಕೆಂಡು, ಡಿಗ್ರಿಯಲ್ಲಿ 201.30, ಕ್ರಾಂತಿ ದಕ್ಷಿಣಕ್ಕೆ 11 ಡಿಗ್ರಿ 9 ಕಲೆ 41 ವಿಕಲೆ. ವಿಷುವದಂಶದ ಕೊಸೈನ್ ಋಣ 0.9317. ಹಾಗಾಗಿ ಕ್ರಾಂತಿ ವರ್ಷಕ್ಕೆ 18.67 ವಿಕಲೆ ದಕ್ಷಿಣಕ್ಕೆ ಸರಿಯುತ್ತದೆ. 26 ವರ್ಷಗಳಲ್ಲಿ 485 ವಿಕಲೆ, ಎಂದರೆ 8 ಕಲೆ 5 ವಿಕಲೆ. ವಿಷುವದಂಶದ ಬದಲಾವಣೆ ವರ್ಷಕ್ಕೆ 47.56 ವಿಕಲೆ, 26 ವರ್ಷಗಳಲ್ಲಿ 1,236 ವಿಕಲೆ, ಕಾಲದ ಅಳತೆಯಲ್ಲಿ 1 ನಿಮಿಷ 22.4 ಸೆಕೆಂಡು. ಹೊಸ ನಂಬರು 13 ಗಂಟೆ 26 ನಿಮಿಷ 34 ಸೆಕೆಂಡು, ದಕ್ಷಿಣಕ್ಕೆ 11 ಡಿಗ್ರಿ 17 ಕಲೆ 46 ವಿಕಲೆ. ಎರಡೂ ಬದಲಾವಣೆಗಳನ್ನು ಸೇರಿಸಿದರೆ ಆಕಾಶದಲ್ಲಿ ಒಟ್ಟು ಅಂತರ ಸುಮಾರು 22 ಕಲೆ. ಆ ರಾತ್ರಿ ನನ್ನ ಐಪೀಸಿನಿಂದ ಚಿತ್ರಾ ತಪ್ಪಿಸಿಕೊಂಡದ್ದು ಇಷ್ಟರಿಂದಲೇ. ನಕ್ಷತ್ರದ ಸ್ವಂತ ಚಲನೆ ಇದರಲ್ಲಿ ಒಂದೂವರೆ ವಿಕಲೆಗಿಂತಲೂ ಕಡಿಮೆ.

ಕಾಗದ ಪೆನ್ಸಿಲಿನ ಈ ಕ್ರಮ ಚಿತ್ರಾಕ್ಕೆ ಒಪ್ಪುತ್ತದೆ, ಧ್ರುವ ನಕ್ಷತ್ರಕ್ಕೆ ಒಪ್ಪುವುದಿಲ್ಲ. ಧ್ರುವದ ಸಮೀಪದಲ್ಲಿ ಟ್ಯಾಂಜೆಂಟ್ ವಿಪರೀತ ದೊಡ್ಡದಾಗುತ್ತದೆ. ಇದೇ ಸೂತ್ರ 2026ರ ಆರಂಭಕ್ಕೆ ಧ್ರುವ ನಕ್ಷತ್ರದ ವಿಷುವದಂಶವನ್ನು 3 ಗಂಟೆ 1 ನಿಮಿಷ ಎಂದು ಕೊಡುತ್ತದೆ. ಸರಿಯಾದ ಉತ್ತರ 3 ಗಂಟೆ 6 ನಿಮಿಷದ ಹತ್ತಿರ.

ಆದ್ದರಿಂದ ಕಂಪ್ಯೂಟರುಗಳು ಬೇರೆ ದಾರಿ ಹಿಡಿಯುತ್ತವೆ. ನಕ್ಷತ್ರದ ದಿಕ್ಕನ್ನು ಒಂದು ಬಾಣವೆಂದು ಭಾವಿಸಿ ಅದನ್ನು ಮೂರು ಸಂಖ್ಯೆಗಳಲ್ಲಿ ಬರೆಯುತ್ತವೆ. ಚಿತ್ರಾಕ್ಕೆ ಅವು ಋಣ 0.914, ಋಣ 0.356, ಋಣ 0.194. ಆಮೇಲೆ ಆಕಾಶದ ಇಡೀ ಚೌಕಟ್ಟನ್ನು ಮೂರು ಬಾರಿ ತಿರುಗಿಸುತ್ತವೆ: ಧ್ರುವದ ಸುತ್ತ ಸ್ವಲ್ಪ, ವಿಷುವದ್ವೃತ್ತದ ಮೇಲಿನ ಒಂದು ಅಡ್ಡ ಅಕ್ಷದ ಸುತ್ತ ಸ್ವಲ್ಪ, ಮತ್ತೆ ಹೊಸ ಧ್ರುವದ ಸುತ್ತ ಸ್ವಲ್ಪ. 26 ವರ್ಷಗಳ ಅವಧಿಗೆ ಈ ತಿರುವುಗಳು ಕ್ರಮವಾಗಿ ಸುಮಾರು 10 ಕಲೆ, 8 ಕಲೆ 41 ವಿಕಲೆ, 10 ಕಲೆ. ಪ್ರತಿ ತಿರುವನ್ನೂ ಒಂಬತ್ತು ಸಂಖ್ಯೆಗಳ ಚೌಕದಲ್ಲಿ, ಎಂದರೆ ಮ್ಯಾಟ್ರಿಕ್ಸಿನಲ್ಲಿ, ಬರೆಯಬಹುದು. ಮೂರನ್ನೂ ಗುಣಿಸಿ ಒಂದೇ ಮಾಡಿಟ್ಟುಕೊಂಡರೆ ಲಕ್ಷ ನಕ್ಷತ್ರಗಳಿಗೂ ಅದೇ ಸಾಕು, ಧ್ರುವದ ಹತ್ತಿರವೂ ಅದು ಎಡವುವುದಿಲ್ಲ.

ತಿರುವುಗಳ ಕ್ರಮ ಮಾತ್ರ ಅದಲುಬದಲಾಗಬಾರದು. ಮೇಜಿನ ಮೇಲೊಂದು ಪುಸ್ತಕವಿಟ್ಟು ಪರೀಕ್ಷಿಸಬಹುದು. ಮೊದಲು ಅದನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿ, ಆಮೇಲೆ ನಿಮ್ಮ ಕಡೆಗಿರುವ ಅಂಚು ಕೆಳಗಿರುವಂತೆ ಎತ್ತಿ ನಿಲ್ಲಿಸಿ. ಇನ್ನೊಮ್ಮೆ ಮೊದಲು ಎತ್ತಿ ನಿಲ್ಲಿಸಿ, ಆಮೇಲೆ ಬಲಕ್ಕೆ ತಿರುಗಿಸಿ. ಎರಡು ಸಲವೂ ಪುಸ್ತಕದ ಮುಖ ಬೇರೆ ಬೇರೆ ಕಡೆಗಿರುತ್ತದೆ.

ತೂಗಾಟವನ್ನು ಸೇರಿಸುವ ಬಗೆ

ಅಯನ ಚಲನೆಯೊಂದನ್ನೇ ಸೇರಿಸಿದಾಗ ಸಿಗುವುದು ಸರಾಸರಿ ವಿಷುವಕ್ಕೆ ಹೊಂದಿದ ಸ್ಥಾನ, ತೂಗಾಟವನ್ನೂ ಸೇರಿಸಿದಾಗ ಸಿಗುವುದು ನೈಜ ವಿಷುವಕ್ಕೆ ಹೊಂದಿದ ಸ್ಥಾನ. ಪಂಚಾಂಗ ಗಣಿತ ಬಲ್ಲವರು ಮಧ್ಯಮ, ಸ್ಫುಟ ಎಂದು ಗ್ರಹಗಳಿಗೆ ಮಾಡುವ ವಿಂಗಡಣೆಯನ್ನು ನೆನೆದರೆ ಇದು ಬೇಗ ಹಿಡಿಸುತ್ತದೆ.

ಸೂತ್ರದ ಮೊದಲ ಪದಕ್ಕೆ ಬೇಕಾದದ್ದು ರಾಹುವಿನ ಸಾಯನ ಸ್ಥಾನ. 2026ರ ಆರಂಭಕ್ಕೆ ಅದು ಸುಮಾರು 342 ಡಿಗ್ರಿ. ಅಯನಾಂಶ ಕಳೆದರೆ 318 ಡಿಗ್ರಿ, ಎಂದರೆ ಕುಂಭ ರಾಶಿ. ಆ ವರ್ಷದ ಪಂಚಾಂಗವೂ ರಾಹುವನ್ನು ಅಲ್ಲಿಯೇ ಕೂರಿಸಿದೆ. ಅದರ ಸೈನನ್ನು ಋಣ 17.2ರಿಂದ ಗುಣಿಸಿದರೆ ವಿಷುವ ಬಿಂದುವಿನ ತಿದ್ದುಪಡಿ ಸುಮಾರು 5.3 ವಿಕಲೆ, ಕೊಸೈನನ್ನು 9.2ರಿಂದ ಗುಣಿಸಿದರೆ ಅಕ್ಷದ ಓರೆಯ ತಿದ್ದುಪಡಿ ಸುಮಾರು 8.8 ವಿಕಲೆ. ಎರಡನೆಯ ದೊಡ್ಡ ಪದ ಸೂರ್ಯನದು, ಅರ್ಧ ವರ್ಷಕ್ಕೊಮ್ಮೆ ಮರುಕಳಿಸುವಂಥದು, ಗಾತ್ರ 1.3 ವಿಕಲೆ. ಮೂರನೆಯದು ಚಂದ್ರನ ಸುಮಾರು ಹದಿನಾಲ್ಕು ದಿನಗಳ ಪದ, 0.23 ವಿಕಲೆ. ಹೀಗೆ ಪದಗಳು ಚಿಕ್ಕದಾಗುತ್ತ ಸಾಗುತ್ತವೆ. ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ 1980ರಲ್ಲಿ ಒಪ್ಪಿದ ಪಟ್ಟಿಯಲ್ಲಿ 106 ಪದಗಳಿದ್ದವು. 2000ದಲ್ಲಿ ಒಪ್ಪಿದ ಪೂರ್ಣ ಪಟ್ಟಿಯಲ್ಲಿ ಗ್ರಹಗಳ ಪ್ರಭಾವವೂ ಸೇರಿ 1,365. ತಾರಸಿಯ ದೂರದರ್ಶಕಕ್ಕೆ ಮೊದಲ ನಾಲ್ಕು ಪದಗಳೇ ಧಾರಾಳ ಎಂದು ನಾನು ಹೇಳಬಲ್ಲೆ.

ಈ ಎರಡು ತಿದ್ದುಪಡಿಗಳನ್ನು ಸೇರಿಸುವುದೂ ಮೂರು ತಿರುವುಗಳಿಂದಲೇ. ವಿಷುವದ್ವೃತ್ತದಿಂದ ಕ್ರಾಂತಿವೃತ್ತಕ್ಕೆ ಇಳಿಯಬೇಕು, ಅದರ ಗುಂಟ 5.3 ವಿಕಲೆ ಸರಿಯಬೇಕು, ತಿದ್ದಿದ ಹೊಸ ಓರೆಯಲ್ಲಿ ಮತ್ತೆ ವಿಷುವದ್ವೃತ್ತಕ್ಕೆ ಏರಬೇಕು.

ಎಲ್ಲಿ ತಪ್ಪುತ್ತದೆ, ತಪ್ಪಿದರೆ ಏನಾಗುತ್ತದೆ

22 ಕಲೆ ಎಂಬುದು ಚಿಕ್ಕ ಕೋನವೆಂದು ತೋರಬಹುದು. ಚಂದ್ರನ ದೂರದಲ್ಲಿ ಅದೇ ಕೋನ ಸುಮಾರು 2,400 ಕಿಲೋಮೀಟರ್ ಆಗುತ್ತದೆ. ಚಂದ್ರನ ತ್ರಿಜ್ಯವೇ 1,737 ಕಿಲೋಮೀಟರ್. ತೂಗಾಟದ 17 ವಿಕಲೆ ಅಲ್ಲಿ 32 ಕಿಲೋಮೀಟರ್. ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿರುವ 32 ಮೀಟರ್ ಅಗಲದ ಆಂಟೆನಾ ದೂರದ ನೌಕೆಗಳ ದನಿಗೆ ಕಿವಿಗೊಡುವಾಗಲೂ, ಹೊಸಕೋಟೆಯಲ್ಲಿ ಕುಳಿತ ಖಗೋಳಜ್ಞರು ಲಡಾಖಿನ ಹಾನ್ಲೆಯ ದೂರದರ್ಶಕವನ್ನು ತಿರುಗಿಸುವಾಗಲೂ ಈ ತಿರುವುಗಳ ಲೆಕ್ಕ ಹಿಂದೆ ನಡೆದಿರಲೇಬೇಕು.

ತಪ್ಪುಗಳು ಹೆಚ್ಚಾಗಿ ಸೂತ್ರದಲ್ಲಿ ಆಗುವುದಿಲ್ಲ, ಜೋಡಣೆಯಲ್ಲಿ ಆಗುತ್ತವೆ. ದೂರದರ್ಶಕದ ತಂತ್ರಾಂಶ ತಾನೇ ಅಯನ ಚಲನೆಯನ್ನು ಸೇರಿಸುತ್ತಿರುವಾಗ ನಾವೂ ಸೇರಿಸಿ ಕೊಟ್ಟರೆ 22 ಕಲೆಯ ತಪ್ಪು ಎದುರು ದಿಕ್ಕಿನಲ್ಲಿ ಮರಳಿ ಬರುತ್ತದೆ. ಕಾಲದ ಅಳತೆ ಇನ್ನೊಂದು ಬಲೆ. ಅಯನ ಚಲನೆಗೆ ಬಳಸುವ ಏಕರೀತಿಯ ಭೌತಿಕ ಕಾಲಕ್ಕೂ ಗಡಿಯಾರದ ಜಾಗತಿಕ ಕಾಲಕ್ಕೂ ಈಗ 69.184 ಸೆಕೆಂಡು ಅಂತರವಿದೆ. ಅಕ್ಷದ ಲೆಕ್ಕದಲ್ಲಿ ಇವೆರಡು ಅದಲುಬದಲಾದರೂ ಯಾರ ಗಮನಕ್ಕೂ ಬಾರದಷ್ಟು ಸಣ್ಣ ವ್ಯತ್ಯಾಸ. ಆದರೆ ಭೂಮಿಯ ದೈನಂದಿನ ತಿರುಗುವಿಕೆಯ ಲೆಕ್ಕದಲ್ಲಿ ಅದಲುಬದಲಾದರೆ ಪ್ರತಿ ಸೆಕೆಂಡಿಗೆ 15 ವಿಕಲೆಯಂತೆ 17 ಕಲೆ ಗುರಿ ತಪ್ಪುತ್ತದೆ. ಒಂದು ಕಾಲದ ಅಯನ ಸೂತ್ರಕ್ಕೆ ಇನ್ನೊಂದು ಕಾಲದ ತೂಗಾಟದ ಪಟ್ಟಿಯನ್ನು ಜೋಡಿಸುವುದೂ ಸಲ್ಲದು. ಆದ್ದರಿಂದ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟವೇ ಪರಿಶೀಲಿಸಿ ಉಚಿತವಾಗಿ ಕೊಡುವ ಸೋಫಾ ಎಂಬ ತಂತ್ರಾಂಶ ಸಂಗ್ರಹವನ್ನು, ಅಥವಾ ಅದರ ಆಧಾರದ ಮೇಲೆ ನಿಂತ ಆಸ್ಟ್ರೊಪೈ ಎಂಬ ತಂತ್ರಾಂಶವನ್ನು ಬಳಸುವುದು ಒಳ್ಳೆಯದು. ಚಿತ್ರಾದ ಲೆಕ್ಕವನ್ನು ಒಮ್ಮೆ ಕೈಯಲ್ಲಿ ಮಾಡಿಟ್ಟುಕೊಂಡರೆ ಯಂತ್ರದ ಉತ್ತರವನ್ನು ತಾಳೆ ನೋಡಲು ಬರುತ್ತದೆ.

ಸೂತ್ರದ ಗಡಿ

ಇಷ್ಟೆಲ್ಲ ಪದಗಳಿದ್ದರೂ ಲೆಕ್ಕಕ್ಕೆ ಸಿಗದ ಒಂದು ಚೂರು ಉಳಿಯುತ್ತದೆ. ಭೂಮಿಯ ಒಳಗಿನ ದ್ರವರೂಪದ ತಿರುಳು ಹೊರಗಿನ ಕವಚದೊಂದಿಗೆ ಪೂರ್ತಿ ಹೊಂದಿಕೊಂಡು ತಿರುಗುವುದಿಲ್ಲ. ಅದರಿಂದ ಅಕ್ಷಕ್ಕೆ ಸುಮಾರು 430 ದಿನಗಳ ಅವಧಿಯ, ಒಂದು ವಿಕಲೆಯ ಕೆಲವು ಸಾವಿರದಲ್ಲೊಂದು ಪಾಲಿಗಿಂತಲೂ ಚಿಕ್ಕದಾದ ಅಲುಗಾಟ ಬರುತ್ತದೆ. ಅದರ ಗಾತ್ರ ಕಾಲಕಾಲಕ್ಕೆ ಬದಲಾಗುವುದರಿಂದ ಮುಂಚಿತವಾಗಿ ಹೇಳಲಾಗುವುದಿಲ್ಲ. ಖಂಡಾಂತರದಲ್ಲಿರುವ ರೇಡಿಯೊ ದೂರದರ್ಶಕಗಳು ಒಟ್ಟಾಗಿ ಕ್ವೇಸಾರ್‌ಗಳೆಂಬ ಅತಿದೂರದ, ಪ್ರಖರವಾದ ಕಾಯಗಳನ್ನು ನೋಡಿ ಅದನ್ನು ಅಳೆಯುತ್ತವೆ, ಭೂಭ್ರಮಣದ ಅಂತಾರಾಷ್ಟ್ರೀಯ ಸೇವೆ ಅಳತೆಗಳನ್ನು ನಿಯಮಿತವಾಗಿ ಪ್ರಕಟಿಸುತ್ತದೆ.

ಇನ್ನೊಂದು ಗಡಿ ಕಾಲದ್ದು. 2006ರಲ್ಲಿ ಒಪ್ಪಿದ ಅಯನ ಸೂತ್ರಗಳು ಶತಮಾನದ ಘಾತಗಳನ್ನು ಕೂಡಿಸುತ್ತ ಹೋಗುವ ಬಗೆಯವು. 2000ದ ಆಚೀಚೆ ಕೆಲವು ಶತಮಾನಗಳಿಗೆ ಅವು ಬಹಳ ನಿಖರ. ಐದು ಸಾವಿರ ವರ್ಷ ಹಿಂದಕ್ಕೆ ಹೋದರೆ ಅದೇ ಘಾತಗಳು ಐವತ್ತರ ವರ್ಗ, ಐವತ್ತರ ಘನ ಎಂದು ಬೆಳೆದು ಉತ್ತರದ ನಿಖರತೆಯನ್ನು ಕೆಡಿಸುತ್ತವೆ. ಅಷ್ಟು ದೀರ್ಘ ಅವಧಿಗೆಂದೇ ವೊಂಡ್ರಾಕ್, ಕ್ಯಾಪಿಟೇನ್ ಮತ್ತು ವ್ಯಾಲೆಸ್ 2011ರಲ್ಲಿ ಆವರ್ತಕ ಪದಗಳನ್ನೂ ಸೇರಿಸಿ ಬೇರೆ ಸೂತ್ರವನ್ನು ಕೊಟ್ಟರು. ಎರಡು ಲಕ್ಷ ವರ್ಷ ಹಿಂದಕ್ಕೂ ಮುಂದಕ್ಕೂ ಅದನ್ನು ಬಳಸಬಹುದು. ಲ್ಯಾಪ್‌ಟಾಪಿನ ಪರದೆಯ ಮೇಲೆ ಪುರಾಣಕಾಲದ ಆಕಾಶವನ್ನು ತೆರೆದು, ಗ್ರಹಣವೋ ಗ್ರಹಗಳ ಕೂಟವೋ ಯಾವ ನಕ್ಷತ್ರದಲ್ಲಿ ನಡೆಯಿತೆಂದು ಹುಡುಕುವವರು ಮೊದಲು ನೋಡಿಕೊಳ್ಳಬೇಕಾದದ್ದು, ಆ ತಂತ್ರಾಂಶ ಇವೆರಡರಲ್ಲಿ ಯಾವ ಸೂತ್ರವನ್ನು ಬಳಸುತ್ತಿದೆ ಎಂಬುದನ್ನು.